ತಂದೆಯ ಕಾಲಂ

ವಿದ್ಯಾರ್ಥಿವೇತನದ ಅರ್ಜಿ ತುಂಬುವ ದಿನಗಳಲ್ಲಿ ನನ್ನ ಮುಂದೆ ಯಾರೂ ಕತೆ ಹೇಳುವಂತಿರಲಿಲ್ಲ. ಕೇಳಿದ್ದಕ್ಕೆ ಉತ್ತರ, ಅಷ್ಟೇ. ಜಗಳೂರಿನಲ್ಲಿ ಒಂದು ಟ್ರಸ್ಟಿನವರು ನಡೆಸುವ ನರ್ಸಿಂಗ್ ಶಾಲೆಯ ಆಫೀಸಿನಲ್ಲಿ ಆ ಕೆಲಸ ನನ್ನದು. ಸರ್ವರ್ ಹತ್ತು ನಿಮಿಷ ಇದ್ದರೆ ಇಪ್ಪತ್ತು ನಿಮಿಷ ಇರುವುದಿಲ್ಲ, ಬಾಗಿಲಿನಾಚೆವರೆಗೆ ಮಕ್ಕಳು ಸಾಲು ನಿಂತಿರುತ್ತಾರೆ. ಅಂಥದರಲ್ಲಿ ಯಾರಾದರೂ "ಮೇಡಂ, ಅದೇನಾಯ್ತಂದ್ರೆ..." ಅಂತ ಶುರು ಮಾಡಿದರೆ, "ಏನೂ ಆಗೋದು ಬ್ಯಾಡಪ್ಪ, ಆರ್.ಡಿ. ನಂಬರ್ ಹೇಳು" ಅಂತ ಬಾಯಿ ಮುಚ್ಚಿಸುತ್ತಿದ್ದೆ. ಜಾತಿ-ಆದಾಯ ಪ್ರಮಾಣಪತ್ರದ ಮೇಲಿರುವ ಸಂಖ್ಯೆ ಅದು. ಅದನ್ನು ಒತ್ತಿದರೆ ಅರ್ಧ ಅರ್ಜಿ ತಾನೇ ತುಂಬಿಕೊಳ್ಳುತ್ತದೆ.

ನನಗೆ ನನ್ನ ಕೆಲಸದ ಮೇಲೆ ಸ್ವಲ್ಪ ಜಂಬವೇ ಇತ್ತು. ಗೋವಿನಕೋವಿಯಿಂದ ಬಂದ ಹುಡುಗ ತಾಲ್ಲೂಕು ಯಾವುದೆಂದರೆ "ಹೊನ್ನಾಳಿ" ಅನ್ನುತ್ತಾನೆ, ಪೋರ್ಟಲ್‌ನ ಪಟ್ಟಿಯಲ್ಲಿ ಹೊನ್ನಾಳಿ ಒತ್ತಿದರೆ ಅವನ ಊರೇ ಸಿಗುವುದಿಲ್ಲ. ನ್ಯಾಮತಿ ಬೇರೆ ತಾಲ್ಲೂಕಾದದ್ದು ಪಟ್ಟಿಗೆ ಗೊತ್ತು, ಹುಡುಗನ ಬಾಯಿಗೆ ಇನ್ನೂ ರೂಢಿಯಾಗಿಲ್ಲ. ಚನ್ನಗಿರಿಯ ಹುಡುಗಿಯ ಹೆಸರಿನ ಕೊನೆಗೆ ಆಧಾರ್‌ನಲ್ಲಿ "ಬೀ" ಇರುತ್ತದೆ, ಮಾರ್ಕ್ಸ್ ಕಾರ್ಡಿನಲ್ಲಿ "ಬಾನು". ಇಂಥದ್ದನ್ನೆಲ್ಲ ನಾನು ನೋಡಿದ ಕೂಡಲೇ ಹಿಡಿಯುತ್ತಿದ್ದೆ. ಬೇರೆ ಕಾಲೇಜಿನ ಕ್ಲಾರ್ಕುಗಳು ಫೋನ್ ಮಾಡಿ ನನ್ನನ್ನು ಕೇಳುತ್ತಿದ್ದರು. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುವ ಮಾತು ಬೇರೆಯವರಿಗೆ ಹೇಳುವುದಕ್ಕೆ ಇದೆ ಅಂದುಕೊಂಡಿದ್ದೆ.

ಆ ವರ್ಷ ಸೊಕ್ಕೆಯ ಕಡೆಯಿಂದ ಒಬ್ಬ ಹುಡುಗಿ ಮೊದಲ ವರ್ಷಕ್ಕೆ ಸೇರಿದ್ದಳು. ತಾಯಿ ಊರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವರು. ಸೇರುವಾಗ ಪ್ರವೇಶದ ಹಣವನ್ನಷ್ಟೇ ಕಟ್ಟಿದ್ದರು. ಮಿಕ್ಕ ಫೀಸಿನ ಎದುರು ಪ್ರಿನ್ಸಿಪಾಲರು "ವಿದ್ಯಾರ್ಥಿವೇತನ ಮಂಜೂರಾತಿಗೆ ಒಳಪಟ್ಟು" ಎಂದು ಕೈಯಾರೆ ಬರೆದಿದ್ದರು. ಅರ್ಜಿ ಪಾಸಾಗದಿದ್ದರೆ ಪೂರ್ತಿ ಫೀಸು ಕಟ್ಟಬೇಕು, ಇಲ್ಲವೇ ಸೀಟು ಬಿಡಬೇಕು ಅಂತ ಅದರರ್ಥ. ಆ ತಾಯಿಗೆ ಪೂರ್ತಿ ಫೀಸು ಕಟ್ಟುವುದು ಆಗುವ ಮಾತಲ್ಲ. ಅದು ನನಗೂ ಗೊತ್ತಿತ್ತು, ಪ್ರಿನ್ಸಿಪಾಲರಿಗೂ ಗೊತ್ತಿತ್ತು.

ಹುಡುಗಿಯ ಸರದಿ ಬಂತು. ಆಧಾರ್‌ಗೆ ಜೋಡಿಸಿದ್ದು ತಾಯಿಯ ಮೊಬೈಲ್ ನಂಬರ್. ಹುಡುಗಿ ಫೋನ್ ಮಾಡಿದಳು. ತಾಯಿ ಸೌಟು ಕೆಳಗಿಟ್ಟು, ಒಟಿಪಿಯನ್ನು ಒಂದೊಂದೇ ಅಂಕಿಯಾಗಿ ಓದಿ ಹೇಳಿದರು. ಮುಂದಿನ ಪುಟದಲ್ಲಿ ತಂದೆಯ ಕಾಲಂ.

"ಅಪ್ಪ ಇದಾರಾ?" ಅಂದೆ, ಪರದೆಯಿಂದ ಕಣ್ಣು ತೆಗೆಯದೆ.

"ಇಲ್ಲ ಮೇಡಂ."

ನಮ್ಮ ಕಡೆ ಅಪ್ಪ ಇಲ್ಲ ಅಂದರೆ ಇಲ್ಲ ಅಂತಲೇ ಅರ್ಥ. ಸತ್ತರು ಅನ್ನುವ ಮಾತನ್ನು ಮಕ್ಕಳ ಬಾಯಲ್ಲಿ ಯಾರೂ ಆಡಿಸುವುದಿಲ್ಲ. "ದಿವಂಗತ" ಅನ್ನುವುದರ ಮೇಲೆ ಒತ್ತಿದೆ. ಬದುಕಿದ್ದರೆ ಆಧಾರ್ ಸಂಖ್ಯೆ ಕೇಳುವ ಪೋರ್ಟಲ್, ಏನೂ ಕೇಳದೆ ಮುಂದಿನ ಪುಟಕ್ಕೆ ಹೋಯಿತು. ನನಗೆ ಖುಷಿಯೇ ಆಯಿತು. ಪ್ರಿಂಟ್ ತೆಗೆದು, "ಓದಿ ನೋಡಿ ಸೈನ್ ಮಾಡಮ್ಮ" ಅಂದೆ. ಅಂದದ್ದಷ್ಟೇ, ಓದಲು ಬಿಡಲಿಲ್ಲ. ಅವಳ ಹಿಂದೆ ನಿಂತವಳ ಕೈಯಿಂದ ಆಗಲೇ ಕಾಗದ ಇಸಿದುಕೊಳ್ಳುತ್ತಿದ್ದೆ.

ಮೂರು ವಾರದ ಮೇಲೆ ಒಂದು ಬೆಳಿಗ್ಗೆ ಆಫೀಸಿನ ಬಾಗಿಲು ತೆಗೆಯುವ ಮೊದಲೇ ಒಬ್ಬ ಹೆಂಗಸು ಮೆಟ್ಟಿಲ ಮೇಲೆ ಕೂತಿದ್ದರು. ಹಣೆ ಬರಿದಾಗಿತ್ತು, ಕೊರಳಲ್ಲಿ ಕರಿಮಣಿ ಹಾಗೇ ಇತ್ತು. ನನ್ನನ್ನು ಕಂಡು ಎದ್ದು ನಿಂತು, ಸೊಂಟದ ಚೀಲದಿಂದ ಫೋನ್ ತೆಗೆದು ಮೆಸೇಜ್ ತೋರಿಸಿದರು. ಇಂಗ್ಲಿಷಿನಲ್ಲಿತ್ತು. ಮಗಳ ಅರ್ಜಿಗೆ ತಂದೆಯ ಮರಣ ಪ್ರಮಾಣಪತ್ರ ಸಲ್ಲಿಸಬೇಕು ಎಂದು, ವಿದ್ಯಾರ್ಥಿವೇತನ ಮಂಜೂರು ಮಾಡುವ ತಾಲ್ಲೂಕು ಕಲ್ಯಾಣ ಕಚೇರಿಯಿಂದ ಬಂದ ಸೂಚನೆ.

"ಹೌದಮ್ಮ, ಅದೊಂದು ಸರ್ಟಿಫಿಕೇಟ್ ತಂದ್ಕೊಡ್ರಿ, ಪಂಚಾಯ್ತಿಯಾಗೆ ಕೊಡ್ತಾರೆ" ಅಂದೆ.

ಅವರು ನನ್ನ ಮುಖವನ್ನೇ ನೋಡಿದರು. "ಎಲ್ಲಿ ಸತ್ರು ಮೇಡಮ್ಮೋರೆ?"

"ಏನಂದ್ರಿ?"

"ಯಾವೂರಾಗೆ? ಯಾವಾಗ? ಮಣ್ಣು ಯಾರು ಮಾಡಿದ್ರು?" ಅಂದವರೇ ನನ್ನ ಕೈ ಹಿಡಿದುಕೊಂಡರು. "ನಮ್ಮ ಹೆಡ್‌ಮಾಸ್ತರು ಓದಿ ಹೇಳಿದ್ರು. 'ನಿಮ್ಮ ಯಜಮಾನ್ರು ಯಾವಾಗ ಹೋದ್ರಮ್ಮ, ನಮಗೆ ಗೊತ್ತೇ ಇರ್ಲಿಲ್ಲ' ಅಂದ್ರು. ನಂಗೂ ಗೊತ್ತಿಲ್ಲ ಅಂತ ಹೆಂಗೆ ಹೇಳ್ಲಿ? ಗೌರ್ಮೆಂಟಿನೋರಿಗೆ ಗೊತ್ತಾಗೈತೆ, ನಂಗೆ ಗೊತ್ತಾಗಿಲ್ಲ. ನಿನ್ನೆ ಬೆಳಿಗ್ಗೆಯಿಂದ ಕುಂಕುಮ ಇಟ್ಕೊಳ್ಳೋದೋ ಬಿಡೋದೋ ತಿಳೀದಂಗೆ ಆಗೈತೆ. ಮಗಳಿಗೂ ಹೇಳಿಲ್ಲ. ಎಲ್ಲಿ ಅಂತ ಹೇಳ್ರಿ, ಹೋಗಿ ನೋಡ್ಕೊಂಡಾದ್ರೂ ಬರ್ತೀನಿ."

ಅಯ್ಯೋ ದೇವರೇ, ಅಂತ ನನಗೇ ತಿಳಿಯದೆ ಬಾಯಿಂದ ಬಂತು. ಒಳಗೆ ಕರೆದುಕೊಂಡು ಹೋಗಿ ಕೂರಿಸಿದೆ. ನೀರು ಕೊಟ್ಟೆ. ಹುಡುಗಿಯನ್ನು ಕ್ಲಾಸಿನಿಂದ ಕರೆಸಿದೆ. ತಾಯಿಯ ಹಣೆ ನೋಡಿದ ಕೂಡಲೇ ಅವಳು ಬಾಗಿಲಲ್ಲೇ ನಿಂತುಬಿಟ್ಟಳು.

ಆಗ ವಿಷಯ ಹೊರಬಿತ್ತು. ಗಂಡ ಬೋರ್‌ವೆಲ್ ಗಾಡಿಯ ಮೇಲೆ ಕೆಲಸಕ್ಕೆ ಹೋಗುತ್ತಿದ್ದವರು. ಹುಡುಗಿ ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಆಂಧ್ರದ ಕಡೆ ಗಾಡಿ ಹತ್ತಿದರು. ಮೊದಮೊದಲು ಫೋನು ಬಂತು, ಆಮೇಲೆ ನಂಬರೇ ಬದಲಾಯಿತು. ಅಪ್ಪ ಇಲ್ಲ ಅಂದರೆ ಮನೆಯಲ್ಲಿ ಇಲ್ಲ, ನಮ್ಮ ಜೊತೆ ಇಲ್ಲ ಅಂತ ಹುಡುಗಿ ಹೇಳಿದ್ದು. ಸತ್ತಿದ್ದಾರೆ ಅಂತ ಬರೆದವಳು ನಾನು. ಎತ್ತು ಈಯ್ತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿಯವರನ್ನು ಕಂಡರೆ ನನಗೆ ಆಗುವುದಿಲ್ಲ, ಆವತ್ತು ನಾನೇ ಕಟ್ಟಿದ್ದೆ.

"ಅಮ್ಮ, ಅವರಿಗೇನೂ ಆಗಿಲ್ಲ. ಆ ಸುದ್ದಿ ಎಲ್ಲಿಂದಲೂ ಬಂದದ್ದಲ್ಲ. ನಾನೇ ತಪ್ಪು ಒತ್ತೀನಿ" ಅಂದೆ.

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ಬಂತು ನೋಡಿ ಸಿಟ್ಟು. "ಏನು ತಾಯಿ, ಬದುಕಿರೋರನ್ನ ಕಾಗದದಾಗೆ ಸಾಯಿಸ್ತೀರೇನು? ನಿಮ್ಮ ಮನೆಯೋರಿಗೆ ಹಿಂಗೆ ಬರ್ದಿದ್ರೆ ನೀವು ಸುಮ್ನಿರ್ತಿದ್ರಾ?" ನಾನು ಯಾರಿಂದಲೂ ಒಂದು ಮಾತು ಅನ್ನಿಸಿಕೊಂಡವಳಲ್ಲ. ಆವತ್ತು ತಲೆ ತಗ್ಗಿಸಿ ಕೇಳಿದೆ. ಕೇಳಲೇಬೇಕಿತ್ತು.

ಆಗ ಹುಡುಗಿ ಬಾಯಿ ಬಿಟ್ಟಳು. "ಪ್ರಿಂಟಿನಾಗೆ ನಾನು ನೋಡಿದ್ದೆ ಮೇಡಂ. ನೋಡೀನೂ ಸೈನ್ ಮಾಡ್ದೆ. ಹಂಗೇ ಇರ್ಲಿ. ನಮ್ಮ ಪಾಲಿಗೆ ಸತ್ತಂಗೇ ಅಲ್ವಾ?"

"ನಿನ್ನ ಬಾಯಾಗೆ ಮಣ್ಣು ಹಾಕ" ಅಂತ ತಾಯಿ ಕೈ ಎತ್ತಿದರು. ಎತ್ತಿದ ಕೈ ಹಾಗೇ ಕೆಳಗೆ ಬಂತು. ಹುಡುಗಿ ಅಳಲಿಲ್ಲ, ನೆಲ ನೋಡುತ್ತ ನಿಂತಿದ್ದಳು.

ಕೊನೆಯ ದಿನಾಂಕಕ್ಕೆ ಒಂಬತ್ತು ದಿನ ಉಳಿದಿತ್ತು. ಇಲ್ಲದ ಮರಣಕ್ಕೆ ಪ್ರಮಾಣಪತ್ರ ಸಿಗುವುದಿಲ್ಲ. ಸಲ್ಲಿಸಿಯಾದ ಅರ್ಜಿಯನ್ನು ನಾನು ತಿದ್ದುವ ಹಾಗೂ ಇಲ್ಲ. ಅದು ಕಲ್ಯಾಣ ಕಚೇರಿಯ ಲಾಗಿನ್‌ನಿಂದ ನನ್ನ ಲಾಗಿನ್‌ಗೆ ವಾಪಸ್ ಬರಬೇಕು. ಅರ್ಧ ದಿನ ರಜೆ ಹಾಕಿ ಕಚೇರಿಗೆ ಹೋದೆ.

ಅಲ್ಲಿಯ ಕೇಸ್ ವರ್ಕರ್ ಸಮಾಧಾನದ ಮನುಷ್ಯ. ಎಲ್ಲ ಕೇಳಿಸಿಕೊಂಡು, ಕನ್ನಡಕ ತೆಗೆದು ಒರೆಸುತ್ತ ಹೇಳಿದರು. "ವಾಪಸ್ ಹಾಕ್ತೀನಿ ಮೇಡಂ, ಅದು ಒಂದು ನಿಮಿಷದ ಕೆಲಸ. ಆದ್ರೆ ತಪ್ಪು ಯಾರ್ದು ಅಂತ ನಂಗೆ ಕಾಗದ ಬೇಕು. ಸಂಸ್ಥೆ ತಪ್ಪು ಅಂದ್ರೆ ನಾನೇ ಇಲ್ಲಿ ಬಿಡ್ತೀನಿ. ವಿದ್ಯಾರ್ಥಿ ತಪ್ಪು ಅಂದ್ರೆ ಫೈಲು ದಾವಣಗೆರೆಗೆ ಹೋಗ್ತೈತೆ."

"ಅಲ್ಲಿಂದ ಬರಾಕೆ?"

"ಈ ತಿಂಗಳಾಗೆ ಬರಾದಿಲ್ಲ ಬಿಡ್ರಿ."

ಇನ್ನೊಂದು ಮಾತನ್ನೂ ಅವರು ಹೇಳಿದರು. ಅರ್ಜಿ ವಾಪಸ್ ಬಂದ ಮೇಲೆ "ತಂದೆ ಇದ್ದಾರೆ" ಅಂತ ಹಾಕಿದರೆ ಅವರ ಆಧಾರ್ ಕೇಳುತ್ತದೆ. ಆ ಆಧಾರ್ ಈ ತಾಯಿಯ ಕೈಯಲ್ಲಿಲ್ಲ. ಹಾಗಾಗಿ ತಾಯಿಯೇ ಪೋಷಕಿ ಎಂದು ತೋರಿಸಬೇಕು. ಅದಕ್ಕೆ, ತಂದೆ ಮನೆ ಬಿಟ್ಟು ಹೋಗಿದ್ದಾರೆ, ಸಂಪರ್ಕದಲ್ಲಿಲ್ಲ ಎಂದು ಗ್ರಾಮ ಆಡಳಿತಾಧಿಕಾರಿ, ಜನರ ಬಾಯಲ್ಲಿ ವಿ.ಎ., ಊರಿನಲ್ಲಿ ಮಹಜರು ಮಾಡಿ ಕೊಟ್ಟ ದೃಢೀಕರಣ ಬೇಕು. ಮಹಜರು ಅಂದರೆ ಅಕ್ಕಪಕ್ಕದವರು ಐದು ಜನ ಕೂತು, ಕೇಳಿ, ಸಹಿ ಹಾಕಬೇಕು.

ಪ್ರಿನ್ಸಿಪಾಲರ ಬಳಿ ಹೋಗಿ ಸಂಸ್ಥೆಯ ಪತ್ರ ಕೇಳಿದೆ. ಅವರು ಕೆಟ್ಟವರಲ್ಲ, ಹೆದರುವವರು. "ಲೆಟರ್‌ಹೆಡ್ ಮೇಲೆ ನಮ್ಮ ತಪ್ಪು ಅಂತ ಬರೆದುಕೊಟ್ಟರೆ ಉಳಿದ ಅರ್ಜಿಗಳನ್ನೂ ತೆಗೆಸಿ ನೋಡ್ತಾರೆ. ಟ್ರಸ್ಟಿನವರು ನನ್ನ ಕೇಳ್ತಾರೆ. ಹುಡುಗೀನೇ ನೋಡಿ ಸೈನ್ ಮಾಡಿದೀನಿ ಅಂತಾಳಲ್ಲ? ಅವಳ ಕೈಲೇ ಬರೆಸಿ" ಅಂದರು.

ಇದನ್ನು ಮುಚ್ಚಿಡಬಾರದು: ನಾನು ಆ ಪತ್ರವನ್ನು ಟೈಪ್ ಮಾಡಿದೆ. "ನಾನು ಕಣ್ತಪ್ಪಿನಿಂದ ತಂದೆಯ ವಿವರವನ್ನು ತಪ್ಪಾಗಿ ನೀಡಿರುತ್ತೇನೆ" ಅಂತ. ದಾವಣಗೆರೆಯಲ್ಲಿ ಗುರುತಿನವರು ಇದ್ದಾರೆ, ಫೋನ್ ಮಾಡಿಸಿದರೆ ಬೇಗ ಆಗಬಹುದು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹದಿನಾರು ವರ್ಷದಲ್ಲಿ ನನ್ನ ಮೇಲೆ ಒಂದು ಮೆಮೊ ಇಲ್ಲ. ಆ ಹೆಮ್ಮೆಯನ್ನು ಬಿಡುವುದು ಅಷ್ಟು ಸುಲಭವಾಗಿರಲಿಲ್ಲ.

ಹುಡುಗಿ ಬಂದಳು. ಪತ್ರ ಮುಂದಿಟ್ಟೆ. ಅವಳು ಪೆನ್ನು ತೆಗೆದು, ಒಂದಕ್ಷರವನ್ನೂ ಓದದೆ, "ಎಲ್ಲಿ ಮೇಡಂ?" ಅಂದಳು.

ಓದದೆ ಸಹಿ ಹಾಕುವುದನ್ನು ಅವಳಿಗೆ ಕಲಿಸಿದ್ದೇ ಈ ಮೇಜು. ಅವಳು ಪ್ರಿಂಟ್ ನೋಡಿರಬಹುದು, ಸುಮ್ಮನಿದ್ದಿರಬಹುದು. ಹದಿನೆಂಟು ವರ್ಷದ ಹುಡುಗಿ, ಅಪ್ಪನ ಮೇಲಿನ ಸಿಟ್ಟಿಗೆ ಸುಮ್ಮನಿದ್ದಳು. ಆದರೆ ಮೌಸ್ ಹಿಡಿದ ಕೈ ನನ್ನದು, ಒಂದು ಮಾತು ಹೆಚ್ಚಿಗೆ ಕೇಳದಿದ್ದ ಬಾಯಿ ನನ್ನದು. ಪೆನ್ನು ಮುಚ್ಚು ಅಂದೆ. ಪತ್ರ ಹರಿದೆ. ಅವಳೆದುರಿಗೇ ಬಿಳಿ ಹಾಳೆ ತೆಗೆದುಕೊಂಡು ಕೈಬರಹದಲ್ಲಿ ಬರೆದೆ: ವಿದ್ಯಾರ್ಥಿನಿ ಕೊಟ್ಟ ಉತ್ತರವನ್ನು ಸರಿಯಾಗಿ ವಿಚಾರಿಸದೆ, ನಾನೇ ತಂದೆ ದಿವಂಗತರೆಂದು ನಮೂದಿಸಿದ್ದೇನೆ, ಇದರಲ್ಲಿ ವಿದ್ಯಾರ್ಥಿನಿಯ ತಪ್ಪಿಲ್ಲ. ಕೆಳಗೆ ಹೆಸರು, ಸಹಿ, ವಿದ್ಯಾರ್ಥಿವೇತನದ ನೋಡಲ್ ಅಧಿಕಾರಿ ಅನ್ನುವ ಮೊಹರು. ಪ್ರಿನ್ಸಿಪಾಲರಿಗೆ ತೋರಿಸಿದಾಗ ಅವರು ಅದನ್ನು ಮುಟ್ಟಲಿಲ್ಲ. "ನಿಮ್ಮ ಸಹಿ, ನಿಮ್ಮ ಜವಾಬ್ದಾರಿ" ಅಂದರು. ಮೆಮೊ ನಾಲ್ಕನೇ ದಿನ ಬಂತು.

ಕೇಸ್ ವರ್ಕರ್ ಪತ್ರವನ್ನು ಎರಡು ಸಲ ಓದಿದರು. "ಹಿಂಗೆ ಬರ್ದುಕೊಟ್ಟೋರನ್ನ ನಾನು ನೋಡಿಲ್ಲ ಬಿಡ್ರಿ" ಅಂದು, ಅಲ್ಲೇ ನನ್ನೆದುರಿಗೆ ಅರ್ಜಿ ವಾಪಸ್ ಹಾಕಿದರು.

ಇನ್ನು ಉಳಿದದ್ದು ಮಹಜರು. ಕಾಗದದ ಕೆಲಸ ಮುಗೀತಲ್ಲ, ಇದೊಂದು ಸಲೀಸು ಅಂದುಕೊಂಡು ತಾಯಿಗೆ ಫೋನ್ ಮಾಡಿದೆ. ವಿಷಯ ಹೇಳಿದೆ.

"ಐದು ಜನ ಯಾಕೆ ಬೇಕು?" ಅಂದರು.

"ರೂಲು ಅಮ್ಮ."

"ಮೇಡಮ್ಮೋರೆ, ನಮ್ಮನೆಯೋರು ಗಾಡಿ ಮೇಲೆ ಇದಾರೆ, ದೊಡ್ಡ ಕೆಲ್ಸ ಸಿಕ್ಕೈತೆ, ಉಗಾದಿಗೆ ಬರ್ತಾರೆ ಅಂತ ನಾನು ಓಣಿಗೆಲ್ಲ ಹೇಳ್ಕೊಂಡು ಬಂದೀನಿ. ಹಬ್ಬ ಬಂದಾಗೆಲ್ಲ ನಾನೇ ಸೀರೆ ತಗೊಂಡು, ಅವ್ರು ಕಳ್ಸಿದ್ರು ಅಂತ ಉಟ್ಕೊಂಡು ತೋರ್ಸೀನಿ. ಈಗ ಅದೇ ಜನದ ಮುಂದೆ ಕೂತು, ಬಿಟ್ಟು ಹೋದ್ರು ಅಂತ ನಾನೇ ಹೇಳ್ಬೇಕಾ?" ಆಮೇಲೆ, "ಒಂದು ದಿನ ಕೊಡ್ರಿ" ಅಂದರು.

ಸತ್ತಿದ್ದಾರೆ ಅಂತ ಬರೆದದ್ದು ಸುಳ್ಳು, ಅದು ನನ್ನ ತಪ್ಪು, ತಿದ್ದಿದೆ. ಆದರೆ ತಿದ್ದಿದ ನಿಜದ ಬೆಲೆ ಕೊಡಬೇಕಾದವರು ಆ ಹೆಣ್ಣುಮಗಳು. ಹಾಗೇ ಬಿಟ್ಟಿದ್ದರೆ ಕಡೇಪಕ್ಷ ಊರಿನ ಮುಂದೆ ಮರ್ಯಾದೆ ಉಳಿಯುತ್ತಿತ್ತೇನೋ. ಒಂದು ದಿನ ಕೊಟ್ಟೆ, ಮರುದಿನವೂ ಫೋನ್ ಬರಲಿಲ್ಲ. ನಾನೂ ಮಾಡಲಿಲ್ಲ. ಹುಡುಗಿಯನ್ನು ಕೇಳಿದರೆ, "ಅವ್ವ ಮಾತಾಡ್ತಿಲ್ಲ ಮೇಡಂ, ಸೀಟು ಬಿಡ್ತೀನಿ ಬಿಡ್ರಿ, ಯಾವ್ದಾರ ಅಂಗಡೀಲಿ ಕೆಲ್ಸ ನೋಡ್ಕೊಂತೀನಿ" ಅಂದಳು. ಮುಚ್ಚು ಬಾಯಿ ಅಂತ ಗದರಿಸಿ ಕಳಿಸಿದೆ.

ಮೂರನೆಯ ದಿನ ಬೆಳಿಗ್ಗೆ ತಾಯಿಯೇ ಫೋನ್ ಮಾಡಿದರು. "ವಿ.ಎ. ಅವರಿಗೆ ಹೇಳೀನಿ. ನಾಳೆ ಹತ್ತು ಗಂಟೆಗೆ ಅಂದಾರೆ. ನೀವೂ ಬರ್ರಿ, ಬರೆಯೋದು ತಪ್ಪಬಾರ್ದು." ಕೊನೆಯ ದಿನಾಂಕಕ್ಕೆ ಎರಡೇ ದಿನ ಉಳಿದಿತ್ತು.

ಹುಡುಗಿಯನ್ನು ಕರೆದುಕೊಂಡು ಬಸ್ಸಿನಲ್ಲಿ ಹೋದೆ. ಗ್ರಾಮ ಆಡಳಿತಾಧಿಕಾರಿಯ ಕೋಣೆ ಚಿಕ್ಕದು, ಆದ್ದರಿಂದ ಅಧಿಕಾರಿ ಹೊರಗೆ ಕಟ್ಟೆಯ ಮೇಲೆ ಕೂತರು. ಅವರಿನ್ನೂ ಚಿಕ್ಕ ವಯಸ್ಸಿನವರು, ಹೊಸದಾಗಿ ಕೆಲಸಕ್ಕೆ ಬಂದವರು. ನೆರೆಯವರು ಐದು ಜನ ಬಂದಿದ್ದರು, ಮೂವರು ಹೆಂಗಸರು, ಇಬ್ಬರು ಗಂಡಸರು. ಕರೆಯದೆ ಬಂದವರು ಇನ್ನೂ ಹತ್ತು ಜನ. ತಾಯಿ ಮಡಿಕೆ ಬಿಚ್ಚಿದ ಹೊಸ ಸೀರೆ ಉಟ್ಟು, ದೊಡ್ಡದಾಗಿ ಕುಂಕುಮ ಇಟ್ಟುಕೊಂಡು ಬಂದರು. ಯಾರ ಮುಖವನ್ನೂ ನೋಡಲಿಲ್ಲ.

ಹುಡುಗ ಅಧಿಕಾರಿ ಹಾಳೆಯ ಮೇಲೆ ದಿನಾಂಕ ಬರೆದು, ತಾಯಿಯ ಹೆಸರು ಬರೆದು, "ಗಂಡನ ಹೆಸರು ಹೇಳ್ರಿ ಅಮ್ಮ" ಅಂದರು.

ನಮ್ಮ ಕಡೆ ಗಂಡನ ಹೆಸರನ್ನು ಹೆಂಡತಿ ಹೇಳುವುದಿಲ್ಲ. ಮದುವೆಯ ದಿನ ಒಗಟು ಕಟ್ಟಿ ಹೇಳಿಸುತ್ತಾರೆ, ಅಷ್ಟೇ. ಆಮೇಲೆ ರೇಷನ್ ಅಂಗಡಿಯಲ್ಲಾಗಲಿ ಆಸ್ಪತ್ರೆಯಲ್ಲಾಗಲಿ ಪಕ್ಕದಲ್ಲಿರುವ ಮಕ್ಕಳೋ ಮೈದುನನೋ ಹೇಳುತ್ತಾರೆ. ತಾಯಿ ರೂಢಿಯಂತೆ ಮಗಳ ಕಡೆ ತಿರುಗಿದರು. ಮಗಳು ತುಟಿ ಬಿಗಿದುಕೊಂಡಳು. ಹೇಳಲಾರೆ ಅನ್ನುವ ಹಾಗೆ ತಲೆ ಆಡಿಸಿದಳು. ಪಕ್ಕದ ಮನೆಯ ಮುದುಕಿ, "ನಾನು ಹೇಳ್ತೀನಿ ತಡಿಯಪ್ಪ" ಅಂತ ಬಾಯಿ ತೆಗೆದರು.

"ಬ್ಯಾಡ ದೊಡ್ಡವ್ವ" ಅಂದರು ತಾಯಿ. "ನಾನೇ ಹೇಳ್ತೀನಿ."

ಹೇಳಿದರು. ಗಂಡನ ಹೆಸರು, ಅವರ ಅಪ್ಪನ ಹೆಸರು, ಊರು, ಎಲ್ಲ ಒಂದೇ ಉಸಿರಿಗೆ. ಕಟ್ಟೆಯ ಮೇಲೆ ಪಿಸುಮಾತು ನಿಂತಿತು. ಅಧಿಕಾರಿಗೆ ಸರಿಯಾಗಿ ಕೇಳಿಸಿರಲಿಲ್ಲ, ಇನ್ನೊಂದು ಸಲ ಅಂದರು. ಅವರು ಇನ್ನೊಂದು ಸಲ ಹೇಳಿದರು, ಈ ಸಲ ಓಣಿಯ ತುದಿಗೂ ಕೇಳುವಷ್ಟು ಗಟ್ಟಿಯಾಗಿ. "ಬರ್ಕೊಳ್ರಿ. ನಾಕು ವರ್ಷ ಆತು, ನಮ್ಮನ್ನ ಬಿಟ್ಟು ಹೋಗಿ. ಸೀರೆ ಅವ್ರು ಕಳ್ಸಿದ್ದಲ್ಲ, ನಾನೇ ತಗೊಂಡಿದ್ದು. ಮಗಳನ್ನ ಓದಿಸ್ತಿರೋಳು ನಾನೊಬ್ಳೆ. ಹಂಗೇ ಬರೀರಿ."

ಸೀರೆಯ ಮಾತು ಮಹಜರಿಗೆ ಬೇಡವಾಗಿತ್ತು. ಅಧಿಕಾರಿ ಅದನ್ನು ಬರೆಯಲಿಲ್ಲ. ಮುದುಕಿ ಮೊದಲು ಹೆಬ್ಬೆಟ್ಟು ಒತ್ತಿದರು, "ನಮಗೆ ಗೊತ್ತಿರ್ಲಿಲ್ಲ ಅಂದ್ಕೊಂಡಿದ್ದೇನವ್ವ?" ಅನ್ನುತ್ತ. ಉಳಿದ ನಾಲ್ವರು ಸಹಿ ಹಾಕಿದರು. ಹುಡುಗಿ ಅಳುತ್ತಿದ್ದಳು. ಅವಳ ಕಣ್ಣಲ್ಲಿ ನೀರು ನಾನು ನೋಡಿದ್ದು ಅದೇ ಮೊದಲು.

ಸಂಜೆಯೊಳಗೆ ದೃಢೀಕರಣ ಕೈಗೆ ಬಂತು. ಮರುದಿನ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪ್ರತಿಯೊಂದು ಸಾಲನ್ನೂ ಅವಳ ಬಾಯಿಂದಲೇ ಓದಿಸಿ, ಅರ್ಜಿ ಸಲ್ಲಿಸಿದೆ. ಆರು ದಿನಕ್ಕೆ ಅನುಮೋದನೆ ಬಂತು, ಸೀಟು ಉಳಿಯಿತು. ಮಧ್ಯಾಹ್ನ ಬಿಸಿಯೂಟದ ಹೊತ್ತು ಅಂತ ಗೊತ್ತಿದ್ದೂ ತಡೆಯಲಾರದೆ ತಾಯಿಗೆ ಫೋನ್ ಮಾಡಿದೆ. ಹಿಂದೆ ಮಕ್ಕಳ ಗಲಾಟೆ, ತಟ್ಟೆಗಳ ಸದ್ದು. ಸುದ್ದಿ ಹೇಳಿದೆ.

"ಸತ್ತಾರೆ ಅನ್ನೋದು ಎಲ್ಲೂ ಉಳ್ದಿಲ್ಲ ಅಲ್ವಾ?" ಅಂದರು.

"ಎಲ್ಲೂ ಉಳ್ದಿಲ್ಲ ಅಮ್ಮ."

"ಅಷ್ಟಾದ್ರೆ ಸಾಕು. ಬದುಕಿರ್ಲಿ ಮೇಡಮ್ಮೋರೆ, ಎಲ್ಲಾರ ಚೆನ್ನಾಗಿರ್ಲಿ. ನಮ್ಮನೆಗೆ ಮಾತ್ರ ಬರಾದು ಬ್ಯಾಡ" ಅಂದು, ಸಾರು ಉಕ್ಕುತ್ತಿದೆ ಅಂತ ಫೋನ್ ಇಟ್ಟರು.